ಪುಟ್ಟ ಸಿಹಿನೀರಿನ ತೊಟ್ಟಿಗೆ ತಕ್ಕ ಅಕಶೇರುಕಗಳು

ಐದರಿಂದ ಇಪ್ಪತ್ತು ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿ ಮೀನಿಗೆ ಸಾಲದು. ಸೀಗಡಿ, ಬಸವನಹುಳುಗಳಿಗೆ ಸಾಕು. ಬೆನ್ನೆಲುಬಿಲ್ಲದ ಈ ಪ್ರಾಣಿಗಳು ತಿನ್ನುವುದು ಕಡಿಮೆ, ಹೊರಹಾಕುವ ಹೊಲಸೂ ಕಡಿಮೆ. ತೊಟ್ಟಿಯಲ್ಲಿ ತಾನಾಗಿ ಬೆಳೆಯುವ ಪಾಚಿ, ಕೊಳೆತ ಎಲೆ, ಗಾಜಿಗೂ ಕಲ್ಲಿಗೂ ಅಂಟಿಕೊಳ್ಳುವ ಸೂಕ್ಷ್ಮಜೀವಿಗಳ ಲೋಳೆ ಇವೇ ಅವುಗಳ ಮುಖ್ಯ ಮೇವು. 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ತೊಟ್ಟಿ ಅಂಚಿನವರೆಗೆ ತುಂಬಿದರೆ 12 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಗಿಡ ಹಾಕಿದ ಮೇಲೆ ಉಳಿಯುವುದು ಒಂಬತ್ತು-ಹತ್ತು ಲೀಟರ್ ಮಾತ್ರ. ಇಷ್ಟು ನೀರಿನಲ್ಲಿ ಒಂದೋ ಎರಡೋ ಗೋಲ್ಡ್‌ಫಿಶ್ ಬಿಡುವುದು ರೂಢಿಯಲ್ಲಿದ್ದರೂ ಮೀನಿನ ಪಾಲಿಗೆ ಅದು ಹಿಂಸೆಯೇ. ಅದೇ ತೊಟ್ಟಿಯಲ್ಲಿ ಹತ್ತು ಪುಟ್ಟ ಸೀಗಡಿಗಳು ಮರಿ ಹಾಕಿಕೊಂಡು ವರ್ಷಗಟ್ಟಲೆ ಸಂತತಿ ಉಳಿಸಿಕೊಳ್ಳಬಲ್ಲವು.

ಕಾವೇರಿ ಬಯಲಿನ ಮಂಡ್ಯ ಜಿಲ್ಲೆಯಲ್ಲಿ ಇಂಥ ಪ್ರಾಣಿಗಳು ಅಪರೂಪವಲ್ಲ. 1911ರಲ್ಲಿ ಕಟ್ಟಲಾರಂಭಿಸಿ 1932ರ ಹೊತ್ತಿಗೆ ಮುಗಿದ ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ (ಮೊದಲು ಇರ್ವಿನ್ ನಾಲೆ) ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ನೀರೊಯ್ಯುತ್ತದೆ. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಯಸಾಗರ, ವಿರಿಜಾ, ಬಂಗಾರದೊಡ್ಡಿ ನಾಲೆಗಳು ಅದಕ್ಕಿಂತ ಬಹಳ ಹಿಂದಿನವು. ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಒಂದಷ್ಟು ಭಾಗಕ್ಕೆ ಹೇಮಾವತಿಯ ನೀರು ಬರುತ್ತದೆ. ಉಳಿದ ಕಡೆ ಕೆರೆ, ಕೊಳವೆ ಬಾವಿಗಳೇ ಗತಿ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯೂ ಸೇರಿದಂತೆ ಈ ಸೀಮೆಯ ಊರುಗಳಲ್ಲಿ ಗದ್ದೆಯ ಬದು, ತೂಬಿನ ಗುಂಡಿ, ಕೆರೆಯಂಚಿನ ಜೊಂಡು ಎಲ್ಲಿ ನೋಡಿದರೂ ನಳ್ಳಿ, ಸೀಗಡಿ, ಗುಳ್ಳೆ, ಕಪ್ಪೆಚಿಪ್ಪುಗಳ ವಂಶದವು ಕಾಣಸಿಗುತ್ತವೆ. 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿ ಸೇರಿದ ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಬಾಯ್ಕಳಕ ಕೊಕ್ಕರೆಗೆ ಬಸವನಹುಳುವೇ ಮುಖ್ಯ ಆಹಾರ. ನಡುವೆ ಸಂದು ಬಿಟ್ಟ ಅದರ ಕೊಕ್ಕು ಚಿಪ್ಪಿನೊಳಗಿನ ಮಾಂಸ ಎಳೆಯಲು ಒದಗುತ್ತದೆ. ಹೀಗಿದ್ದರೂ ಗದ್ದೆಯಲ್ಲಿ ಸಿಕ್ಕಿದ್ದೆಲ್ಲ ಗಾಜಿನ ತೊಟ್ಟಿಗೆ ಹೊಂದುವುದಿಲ್ಲ, ಅಂಗಡಿಯಲ್ಲಿ ಕೊಂಡದ್ದು ಗದ್ದೆಯ ನೀರಿಗೆ ಸೇರಕೂಡದು. ಈ ಸೀಮೆಯಲ್ಲಿ ಯಾವ ಪ್ರಾಣಿ ಸಾಕಬೇಕೆಂಬ ಪ್ರಶ್ನೆ ಈ ಎರಡು ಸಂಗತಿಗಳ ನಡುವೆಯೇ ತೀರ್ಮಾನವಾಗಬೇಕು.

ಹಿನ್ನೆಲೆ

ತೊಟ್ಟಿಗೆ ಬಸವನಹುಳು ಬಂದದ್ದು ಅಲಂಕಾರಕ್ಕಲ್ಲ, ಕೆಲಸಕ್ಕೆ. ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಗೋಲ್ಡ್‌ಫಿಶ್ ಮತ್ತು ವ್ಯಾಲಿಸ್ನೇರಿಯಾ ಗಿಡವನ್ನು ಒಂದೇ ಗಾಜಿನ ಪಾತ್ರೆಯಲ್ಲಿಟ್ಟು, ಗಿಡ ಬಿಡುವ ಆಮ್ಲಜನಕ ಮೀನಿಗೆ ಸಾಲುವುದೇ ಎಂದು ಪರೀಕ್ಷಿಸಿದ. ಆಮ್ಲಜನಕ ಸಾಲುತ್ತಿತ್ತು, ಆದರೆ ಉದುರಿದ ಎಲೆ ಕೊಳೆತು ನೀರು ಕದಡಿತು, ಗಾಜಿಗೆ ಹಸಿರು ಲೋಳೆ ಹಿಡಿಯಿತು. ಕೊಳದ ಬಸವನಹುಳುಗಳನ್ನು (ಲಿಮ್ನಿಯಾ ಸ್ಟ್ಯಾಗ್ನಾಲಿಸ್) ತಂದು ಬಿಟ್ಟಾಗ ಅವು ಕೊಳೆತದ್ದನ್ನು ತಿಂದು ಮುಗಿಸಿದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. 1850ರಲ್ಲಿ ಪ್ರಕಟವಾದ ಈ ಪ್ರಯೋಗವೇ ಸಮತೋಲದ ತೊಟ್ಟಿ ಎಂಬ ಕಲ್ಪನೆಗೆ ಮೂಲ. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಅಕ್ವೇರಿಯಂ ಕುರಿತು ಬರೆದ ಪುಸ್ತಕ ಈ ಹವ್ಯಾಸವನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿತು.

ಸೀಗಡಿಯ ಸರದಿ ಬಹಳ ತಡವಾಗಿ ಬಂತು. ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ 1980ರ ದಶಕದಲ್ಲಿ ಗಿಡಗಳೇ ಪ್ರಧಾನವಾದ ತೊಟ್ಟಿಗಳಲ್ಲಿ ಪಾಚಿ ತೆಗೆಯಲು ಒಂದು ಜಾತಿಯ ಸೀಗಡಿಯನ್ನು ಬಳಸಿದ ಮೇಲೆ ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಭಾರತದ ಸಿಹಿನೀರಿನ ಮೃದ್ವಂಗಿಗಳ ಶಾಸ್ತ್ರೀಯ ಅಧ್ಯಯನ ಇದಕ್ಕಿಂತ ಹಳೆಯದು. ಎಚ್.ಬಿ. ಪ್ರೆಸ್ಟನ್ನನ ಸಂಪುಟ 1915ರಲ್ಲಿ ಬಂತು. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಎನ್.ವಿ. ಸುಬ್ಬರಾವ್ ಅವರ ಕೈಪಿಡಿ 1989ರಲ್ಲಿ. ಹೊಲದ ಬಸವನಹುಳುವಿನ ಜಾತಿ ಗುರುತಿಸಬೇಕಾದವರು ಇಂದಿಗೂ ತೆರೆಯುವುದು ಈ ಎರಡನೆಯ ಪುಸ್ತಕವನ್ನೇ.

ನೀರು

ಪುಟ್ಟ ತೊಟ್ಟಿಯ ಕಷ್ಟವೆಲ್ಲ ಅದರ ಪುಟ್ಟತನದಿಂದಲೇ ಹುಟ್ಟುತ್ತದೆ. ನೂರು ಲೀಟರ್ ನೀರಿನಲ್ಲಿ ಒಂದು ಹುಳು ಸತ್ತು ಕೊಳೆತರೆ ಗೊತ್ತೇ ಆಗದು. ಹತ್ತು ಲೀಟರ್ ನೀರಿನಲ್ಲಿ ಅದರಿಂದ ಬಿಡುಗಡೆಯಾಗುವ ಅಮೋನಿಯಾ ಉಳಿದವನ್ನೂ ಕೊಲ್ಲಬಹುದು. ಅಮೋನಿಯಾವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಸ್ಪಂಜ್ ಫಿಲ್ಟರಿನಲ್ಲೂ ಮರಳಿನಲ್ಲೂ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ಕಟ್ಟಿದ ದಿನವೇ ಪ್ರಾಣಿ ತಂದು ಬಿಟ್ಟರೆ ಮೊದಲ ಹದಿನೈದು ದಿನಗಳಲ್ಲಿ ಅವು ಸಾಯಲು ಇದೇ ಮುಖ್ಯ ಕಾರಣ. ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಗಿರಾಕಿ ಒಂದೂವರೆ ತಿಂಗಳು ಖಾಲಿ ನೀರನ್ನು ನೋಡುತ್ತ ಕೂರುವುದು ವ್ಯಾಪಾರಕ್ಕೆ ಒದಗುವುದಿಲ್ಲ.

ಮಂಡ್ಯ ಸೀಮೆಯಲ್ಲಿ ನೀರಿನ ಮೂಲ ಬದಲಾದಂತೆ ಸಾಕಬಹುದಾದ ಪ್ರಾಣಿಯೂ ಬದಲಾಗುತ್ತದೆ. ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ಗಡಸು. ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದೇ ಅದರ ಗುರುತು. ನಾಗಮಂಗಲದಂಥ ಮಳೆಯಾಶ್ರಿತ ಕಡೆಗಳಲ್ಲಿ ಆಳಕ್ಕೆ ಹೋದಷ್ಟೂ ಈ ಗಡಸುತನ ಹೆಚ್ಚು ಕಾಡುತ್ತದೆ. ಹೊಳೆ, ನಾಲೆಯ ನೀರು ಅದಕ್ಕಿಂತ ಮೆದು. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರಿನಲ್ಲಾದರೋ ಲವಣಗಳನ್ನು ಬಹುಮಟ್ಟಿಗೆ ತೆಗೆದಿರುತ್ತಾರೆ. ಬಸವನಹುಳುವಿನ ಚಿಪ್ಪಿಗೂ ಸೀಗಡಿಯ ಹೊರಕವಚಕ್ಕೂ ಕ್ಯಾಲ್ಸಿಯಂ ಬೇಕು. ಬರೀ ಕ್ಯಾನಿನ ನೀರಿನಲ್ಲಿಟ್ಟ ಬಸವನಹುಳುವಿನ ಚಿಪ್ಪು ತುದಿಯಿಂದ ಸವೆದು ತೂತು ಬೀಳುತ್ತದೆ. ಬರೀ ಗಡಸು ನೀರಿನಲ್ಲಿ ಬಸವನಹುಳು ಚೆನ್ನಾಗಿರುತ್ತದೆ, ಸೀಗಡಿಗೆ ಪೊರೆ ಕಳಚುವುದು ಕಷ್ಟವಾಗಬಹುದು. ಎರಡೂ ನೀರನ್ನು ಬೆರೆಸುವುದೇ ಈ ಊರುಗಳಿಗೆ ಒಪ್ಪುವ ದಾರಿ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ತೋರಿಸುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ 150ರಿಂದ 350ರೊಳಗೆ ಬಂದರೆ ಚೆರ್ರಿ ಸೀಗಡಿಗೂ ಸಾಮಾನ್ಯ ಬಸವನಹುಳುವಿಗೂ ಸಾಕು.

ಆವಿಯಾದ ನೀರಿನ ಜಾಗಕ್ಕೆ ಮತ್ತೆ ಕೊಳವೆ ಬಾವಿಯ ನೀರನ್ನೇ ಸುರಿಯುತ್ತ ಹೋಗುವುದು ಹೆಚ್ಚಿನವರು ಗಮನಿಸದ ತಪ್ಪು. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಬೇಸಿಗೆಯ ಎರಡು ತಿಂಗಳಲ್ಲಿ ಪುಟ್ಟ ತೊಟ್ಟಿಯ ಲವಣಾಂಶ ಕಣ್ಣಿಗೆ ಕಾಣದಂತೆ ಏರಿಬಿಡುತ್ತದೆ. ಕಡಿಮೆಯಾದಷ್ಟನ್ನು ಕ್ಯಾನಿನ ನೀರಿನಿಂದಲೋ ಶುದ್ಧವಾಗಿ ಹಿಡಿದ ಮಳೆ ನೀರಿನಿಂದಲೋ ತುಂಬಬೇಕು. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಿಸುವಾಗ ಮಾತ್ರ ಬೆರೆಸಿದ ನೀರು ಬಳಸಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಹೋಗುತ್ತದೆ.

ನಾಲೆಯ ನೀರನ್ನು ನೇರವಾಗಿ ತುಂಬುವುದು ಸುಲಭವಾಗಿ ಕಂಡರೂ ಒಳ್ಳೆಯದಲ್ಲ. ಭತ್ತಕ್ಕೂ ಕಬ್ಬಿಗೂ ಹೊಡೆದ ಕೀಟನಾಶಕ ಬಸಿಗಾಲುವೆಯಲ್ಲಿ ಬೆರೆತಿರುತ್ತದೆ. ಕೀಟವನ್ನು ಕೊಲ್ಲುವ ಔಷಧ ಸೀಗಡಿಯನ್ನೂ ಕೊಲ್ಲುತ್ತದೆ, ಎರಡೂ ಸಂಧಿಪದಿಗಳೇ. ಶಿಲೀಂಧ್ರಕ್ಕೆ ಬಳಸುವ ಮೈಲುತುತ್ತ ಇನ್ನೂ ಅಪಾಯ: ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ಸೀಗಡಿ, ಬಸವನಹುಳು ಎರಡಕ್ಕೂ ವಿಷ. ಮೀನಿನ ರೋಗಕ್ಕೆಂದು ಮಾರುವ ಹಲವು ಔಷಧಗಳಲ್ಲೂ ತಾಮ್ರವಿರುತ್ತದೆ. ಗದ್ದೆ ಬಯಲಿನ ಮನೆಗಳಲ್ಲಿ ಸೊಳ್ಳೆಗೆಂದು ಹಚ್ಚುವ ಕಾಯಿಲ್, ದ್ರವದ ಯಂತ್ರ ಇವುಗಳಲ್ಲಿರುವುದು ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕ. ಏರ್ ಪಂಪ್ ಆ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆ ಪರದೆಯೇ ಲೇಸು.

ಬೇಸಿಗೆ ಬಿಸಿ ಇನ್ನೊಂದು ತೊಡಕು. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಅದು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಪ್ರಾಣಿಗಳ ಉಸಿರಾಟ ಚುರುಕಾಗುವುದೂ ಆಗಲೇ, ಅಮೋನಿಯಾದ ವಿಷ ಹೆಚ್ಚುವುದೂ ಆಗಲೇ. ಮಾರ್ಚಿನಿಂದ ಮೇವರೆಗೆ ತೊಟ್ಟಿಯನ್ನು ಬಿಸಿಲು ತಾಕದ ನೆಲದ ಮೇಲಿಟ್ಟು, ಮುಚ್ಚಳ ತೆಗೆದು ಬಲೆ ಹೊದಿಸಿ, ಚಿಕ್ಕ ಫ್ಯಾನಿನ ಗಾಳಿ ನೀರಿನ ಮೇಲ್ಮೈಗೆ ತಾಗುವಂತೆ ಮಾಡಿದರೆ ಎರಡು-ಮೂರು ಡಿಗ್ರಿ ತಗ್ಗುತ್ತದೆ. ಕರೆಂಟು ಹೋಗಿ ಪಂಪ್ ನಿಂತಾಗ ಗಿಡ ದಟ್ಟವಾಗಿದ್ದು ಪ್ರಾಣಿ ಕಡಿಮೆಯಿದ್ದ ತೊಟ್ಟಿ ಹಗಲಿನಲ್ಲಿ ತಡೆದುಕೊಳ್ಳುತ್ತದೆ. ರಾತ್ರಿ ಗಿಡವೂ ಆಮ್ಲಜನಕ ಬಳಸುವುದರಿಂದ ಬ್ಯಾಟರಿಯ ಪಂಪೊಂದು ಬೇಕೇ ಬೇಕು.

ಸೀಗಡಿಗಳು

ತೊಟ್ಟಿಗೆ ತಕ್ಕ ಸೀಗಡಿಗಳೆಲ್ಲ ಏಟಿಡೀ ಕುಟುಂಬದವು. ಅವುಗಳ ಮೊದಲ ಎರಡು ಜೊತೆ ಕಾಲುಗಳ ಚಿಮಟದ ತುದಿಯಲ್ಲಿ ರೋಮದ ಕುಚ್ಚಿರುತ್ತದೆ. ಅದರಿಂದ ಗಾಜು, ಎಲೆ, ಕಲ್ಲುಗಳ ಮೇಲಿನ ಲೋಳೆಯನ್ನು ಗುಡಿಸಿ ಬಾಯಿಗಿಡುತ್ತವೆ. ಇವುಗಳಲ್ಲಿ ಮೊದಲ ಸಾಲಿನದು ಚೆರ್ರಿ ಸೀಗಡಿ, ಶಾಸ್ತ್ರೀಯವಾಗಿ ನಿಯೊಕಾರಿಡಿನಾ ಡೇವಿಡೈ. ಪೂರ್ವ ಚೀನಾ, ತೈವಾನ್‌ಗಳ ಕಡೆಯ ಈ ಪ್ರಾಣಿ ಬೆಳೆದಾಗ ಎರಡೂವರೆ-ಮೂರು ಸೆಂ.ಮೀ.; ಹೆಣ್ಣು ಗಂಡಿಗಿಂತ ದೊಡ್ಡದು, ಬಣ್ಣವೂ ಗಾಢ. ಕಾಡಿನ ಮೂಲ ಬಣ್ಣ ಮಾಸಲು ಕಂದು. ಕೆಂಪು, ಹಳದಿ, ನೀಲಿ, ಕಪ್ಪು ಎಲ್ಲವೂ ಮನುಷ್ಯ ಆರಿಸಿ ಬೆಳೆಸಿದ ತಳಿಗಳು. ಎರಡು ಬಣ್ಣದವನ್ನು ಒಟ್ಟಿಗೆ ಬಿಟ್ಟರೆ ಕೆಲವೇ ತಲೆಮಾರುಗಳಲ್ಲಿ ಮಾಸಲು ಕಂದು ಮರಳುತ್ತದೆ. ಹೆಣ್ಣು ಇಪ್ಪತ್ತು-ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿಯ ಈಜುಕಾಲುಗಳ ನಡುವೆ ಹಿಡಿದು ಮೂರು-ನಾಲ್ಕು ವಾರ ಬೀಸುತ್ತಿರುತ್ತದೆ. ಹೊರಬರುವುದು ಲಾರ್ವಾ ಅಲ್ಲ, ತಾಯಿಯ ಪಡಿಯಚ್ಚಿನಂಥ ಮರಿ. ಪುಟ್ಟ ತೊಟ್ಟಿಯಲ್ಲೇ ಸಂತಾನ ಮುಂದುವರಿಯಲು ಸಾಧ್ಯವಾಗುವುದು ಇದರಿಂದ. 18ರಿಂದ 28 ಡಿಗ್ರಿಯವರೆಗಿನ ಉಷ್ಣತೆಯನ್ನೂ ತುಸು ಕ್ಷಾರೀಯ ನೀರನ್ನೂ ತಾಳಿಕೊಳ್ಳುವುದರಿಂದ ಮಂಡ್ಯ ಸೀಮೆಗೆ ಅಂಗಡಿಯ ಸೀಗಡಿಗಳಲ್ಲಿ ಇದಕ್ಕಿಂತ ಒಪ್ಪುವುದು ಬೇರಿಲ್ಲ. ಆಯುಸ್ಸು ಒಂದು-ಒಂದೂವರೆ ವರ್ಷ, ಹೆಚ್ಚೆಂದರೆ ಎರಡು.

ಅಮಾನೊ ಸೀಗಡಿ (ಕಾರಿಡಿನಾ ಮಲ್ಟಿಡೆಂಟಾಟಾ) ಪಾಚಿ ತಿನ್ನುವುದರಲ್ಲಿ ಹೆಚ್ಚು ಗಟ್ಟಿಗ. ಐದು ಸೆಂ.ಮೀ.ವರೆಗೆ ಬೆಳೆಯುತ್ತದೆ, ಇಪ್ಪತ್ತು ಲೀಟರಿಗಿಂತ ಚಿಕ್ಕ ತೊಟ್ಟಿಗೆ ಹೊಂದದು. ಇದರ ಲಾರ್ವಾಗಳಿಗೆ ಉಪ್ಪು ಬೆರೆತ ನೀರು ಬೇಕಾದ್ದರಿಂದ ಸಿಹಿನೀರಿನಲ್ಲಿ ಸಂತತಿ ಉಳಿಯುವುದಿಲ್ಲ. ಕೆಂಪು-ಬಿಳುಪು ಪಟ್ಟೆಯ ಕ್ರಿಸ್ಟಲ್ ಸೀಗಡಿಗಳು ನೋಡಲು ಚೆಲುವಾದರೂ ಮೆದುವಾದ, ತುಸು ಆಮ್ಲೀಯ, ತಣ್ಣನೆಯ ನೀರು ಕೇಳುತ್ತವೆ. ಪಾಂಡವಪುರದ ಏಪ್ರಿಲ್ಲಿನಲ್ಲಿ ಅವನ್ನು ಬದುಕಿಸುವುದು ಹಣದ ಆಟ.

ಕಾವೇರಿಯಲ್ಲೂ ಅದರ ನಾಲೆಗಳಲ್ಲೂ ಸಿಗುವ ಸೀಗಡಿಗಳಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಎರಡನೆಯ ಜೊತೆ ಕಾಲು ಮೈಗಿಂತ ಎದ್ದು ಕಾಣುವಷ್ಟು ಉದ್ದವಾಗಿ, ತುದಿಯಲ್ಲಿ ಕತ್ತರಿಯಿದ್ದರೆ ಅದು ಮ್ಯಾಕ್ರೊಬ್ರಾಕಿಯಂ. ಊಟದ ಸೀಗಡಿಯಾಗಿ ಸಾಕುವ ಮ್ಯಾಕ್ರೊಬ್ರಾಕಿಯಂ ರೋಸೆನ್‌ಬರ್ಗಿ ಇದೇ ಕುಲದ್ದು, 30 ಸೆಂ.ಮೀ. ಮುಟ್ಟಬಲ್ಲದು. ಈ ಕುಲದ ಮರಿಗಳೂ ಬೇಟೆಗಾರರೇ. ಪುಟ್ಟ ತೊಟ್ಟಿಯಲ್ಲಿ ಬಸವನಹುಳುವಿನ ಮರಿ, ಪೊರೆ ಕಳಚಿದ ಮೆತ್ತನೆ ಸೀಗಡಿ ಯಾವುದನ್ನೂ ಉಳಿಸುವುದಿಲ್ಲ. ಕಾಲುಗಳೆಲ್ಲ ಗಿಡ್ಡವಾಗಿ, ಮೈ ಪಾರದರ್ಶಕವಾಗಿ, ಮೂರು ಸೆಂ.ಮೀ. ಮೀರದೆ ಜೊಂಡಿನ ಬುಡದಲ್ಲಿ ಗುಂಪಾಗಿರುವಂಥವು ಹೆಚ್ಚಾಗಿ ಕಾರಿಡಿನಾ ಕುಲದವು. ಇವು ತೊಟ್ಟಿಗೆ ಹೊಂದುತ್ತವೆ. ಬಣ್ಣವಿಲ್ಲದ್ದರಿಂದ ಅಂಗಡಿಗೆ ಬೇಡವಾದವು, ಅಷ್ಟೇ.

ಪೊರೆ ಕಳಚುವುದು ಸೀಗಡಿಯ ಜೀವನದ ನಾಜೂಕಿನ ಗಳಿಗೆ. ಹಳೆಯ ಕವಚ ತಲೆ-ಬೆನ್ನಿನ ಕೀಲಿನಲ್ಲಿ ಬಿರಿದು, ಪ್ರಾಣಿ ಹಿಂದಕ್ಕೆ ಚಿಮ್ಮಿ ಹೊರಬರುತ್ತದೆ. ಬಿಟ್ಟ ಕವಚವನ್ನು ಸತ್ತ ಸೀಗಡಿಯೆಂದು ತಿಳಿದು ತೆಗೆದುಹಾಕುವವರಿದ್ದಾರೆ. ಹಾಗೆ ಮಾಡಬಾರದು, ಅದರಲ್ಲಿನ ಲವಣಕ್ಕಾಗಿ ಸೀಗಡಿಗಳೇ ಅದನ್ನು ಮೇಯುತ್ತವೆ. ಕವಚದ ಸುತ್ತ ಬಿಳಿ ಉಂಗುರ ಕಂಡು ಕಳಚಲಾಗದೆ ಸಾಯುವುದು ಲವಣಗಳ ಏರುಪೇರಿನ, ಒಮ್ಮೆಲೇ ಹೆಚ್ಚು ನೀರು ಬದಲಿಸಿದ್ದರ ಸೂಚನೆ.

ಬಸವನಹುಳುಗಳು

ಬಸವನಹುಳುಗಳಲ್ಲಿ ಆಯ್ಕೆ ವಿಸ್ತಾರ, ತಪ್ಪುವ ಅವಕಾಶವೂ ಅಷ್ಟೇ ವಿಸ್ತಾರ. ಮರಳು ಹಾಸಿದ ತೊಟ್ಟಿಗೆ ಅತಿ ಉಪಯುಕ್ತವಾದದ್ದು ಮೆಲನಾಯ್ಡಿಸ್ ಟ್ಯೂಬರ್‌ಕ್ಯುಲಾಟಾ. ಉದ್ದನೆ ಶಂಖದಂಥ, ಎರಡು-ಮೂರು ಸೆಂ.ಮೀ.ನ ಈ ಹುಳು ಹಗಲೆಲ್ಲ ಮರಳಿನೊಳಗೆ ಹುದುಗಿ, ರಾತ್ರಿ ಹೊರಬಂದು ಮೇಯುತ್ತದೆ. ಅದರ ಓಡಾಟದಿಂದ ಮರಳಿನಡಿ ಕೊಳೆ ಗಟ್ಟಿಯಾಗಿ ಕೆಟ್ಟ ಗಾಳಿ ತುಂಬುವುದು ತಪ್ಪುತ್ತದೆ. ಅಂಗಡಿಗಳು ಇದನ್ನು ಮಲೇಷ್ಯಾದ ಹೆಸರಿನಲ್ಲಿ ಮಾರುತ್ತವೆ. 1774ರಲ್ಲಿ ಡೆನ್ಮಾರ್ಕಿನ ಓ.ಎಫ್. ಮ್ಯುಲರ್ ಇದನ್ನು ಮೊದಲು ವರ್ಣಿಸಿದ್ದು ಕೋರಮಂಡಲದ ಮಾದರಿಯಿಂದ. ದಕ್ಷಿಣ ಭಾರತದ ಕೆರೆ-ಕಾಲುವೆಗಳಲ್ಲಿ ಇದು ಸಾಮಾನ್ಯ. ಗಂಡಿನ ಅಗತ್ಯವಿಲ್ಲದೆ ಹೆಣ್ಣೇ ಮರಿ ಹಾಕಬಲ್ಲದು, ಆದ್ದರಿಂದ ಒಂದು ಹುಳು ನೂರಾಗಲು ಅಡ್ಡಿಯಿಲ್ಲ. ಸಂಖ್ಯೆ ಉಕ್ಕಿತೆಂದರೆ ಆಹಾರ ಹೆಚ್ಚಾಗುತ್ತಿದೆ ಎಂದೇ ಲೆಕ್ಕ.

ಕೊಂಬಿನ ಸುರುಳಿಯಂತೆ ಚಪ್ಪಟೆಯಾಗಿ ಸುತ್ತಿದ ರಾಮ್ಸ್‌ಹಾರ್ನ್ ಹುಳುಗಳ ಕೆಂಪು ಬಣ್ಣ ಚಿಪ್ಪಿನದಲ್ಲ, ರಕ್ತದ್ದು: ಹೆಚ್ಚಿನ ಬಸವನಹುಳುಗಳ ರಕ್ತದಲ್ಲಿ ತಾಮ್ರಾಂಶದ ಹೀಮೊಸಯನಿನ್ ಇದ್ದರೆ ಇವುಗಳಲ್ಲಿ ನಮ್ಮಂತೆಯೇ ಹೀಮೊಗ್ಲೊಬಿನ್ ಇದೆ. ಚರ್ಮದ ಕಪ್ಪು ವರ್ಣಕ ಇಲ್ಲದ ತಳಿಗಳಲ್ಲಿ ಆ ಕೆಂಪು ಹೊರಗೆ ಕಾಣುತ್ತದೆ. ಗದ್ದೆಯಲ್ಲಿ ಸಿಗುವ ಇದರ ಬಂಧು ಇಂಡೊಪ್ಲಾನಾರ್ಬಿಸ್ ಎಕ್ಸಸ್ಟಸ್. ನೋಟಕ್ಕೆ ಒಂದೇ ಥರ, ಆದರೆ ಇದನ್ನು ಹೊಲದಿಂದ ತರುವ ಮುನ್ನ ಯೋಚಿಸಬೇಕು. ದನಗಳ ರಕ್ತನಾಳದಲ್ಲಿ ಬದುಕುವ ಷಿಸ್ಟೊಸೋಮಾ ಹುಳುಗಳು ತಮ್ಮ ಬಾಲ್ಯ ಕಳೆಯುವುದು ಈ ಬಸವನಹುಳುವಿನೊಳಗೆ. ಅವುಗಳಲ್ಲೊಂದಾದ ಷಿಸ್ಟೊಸೋಮಾ ನೇಸೇಲ್, 1933ರಲ್ಲಿ ವರ್ಣಿತವಾದದ್ದು, ದನದ ಮೂಗಿನೊಳಗೆ ಗಂಟು ಬೆಳೆಸಿ ಉಸಿರಾಡುವಾಗ ಗೊರಕೆಯ ಸದ್ದು ಬರುವಂತೆ ಮಾಡುತ್ತದೆ. ಹುಳುವಿನಿಂದ ನೀರಿಗೆ ಬಿಡುಗಡೆಯಾಗುವ ಮರಿಗಳು ಮನುಷ್ಯನ ಚರ್ಮವನ್ನೂ ಚುಚ್ಚುತ್ತವೆ. ನಾಟಿ ಹಾಕಿದವರ ಕಾಲಿಗೆ ಬರುವ ಕೆಲವು ಬಗೆಯ ನವೆಗೆ ಇದೂ ಕಾರಣ. ಗದ್ದೆ-ಕೆರೆಗಳ ಲಿಮ್ನಿಯಾ ಗುಂಪಿನ ತೆಳು ಚಿಪ್ಪಿನ ಹುಳುಗಳು ಕುರಿ-ದನಗಳ ಯಕೃತ್ತಿನ ಚಪ್ಪಟೆ ಹುಳುವಿಗೆ ಆಸರೆ. ವಾರಿಂಗ್ಟನ್ನನ ತೊಟ್ಟಿಯಲ್ಲಿ ದುಡಿದದ್ದು ಇದೇ ಗುಂಪಿನ ಹುಳುವಾದರೂ ಹಾಲಿನ ಹಸು ಕಟ್ಟಿದ ಮನೆಯಲ್ಲಿ ಹೊಲದ ಲಿಮ್ನಿಯಾವನ್ನು ಸಾಕುವುದು ಜಾಣತನವಲ್ಲ. ಹೊಲದ ಹುಳುವೇ ಬೇಕಿದ್ದರೆ ತೊಟ್ಟಿಯಲ್ಲಿ ಅದು ಇಟ್ಟ ಮೊಟ್ಟೆಯ ಲೋಳೆಯನ್ನು ಮಾತ್ರ ಬೇರೆ ಪಾತ್ರೆಗೆ ದಾಟಿಸಿ ಮರಿ ಮಾಡಿಸಬಹುದು; ಈ ಪರಾವಲಂಬಿಗಳು ಮೊಟ್ಟೆಯ ಮೂಲಕ ದಾಟುವುದಿಲ್ಲ.

ಸ್ಥಳೀಯ ಜಾತಿಗಳಲ್ಲಿ ಹೆಚ್ಚು ಒಪ್ಪವಾದದ್ದು ಫಿಲೊಪಲುಡಿನಾ ಬೆಂಗಾಲೆನ್ಸಿಸ್. ಹಳೆಯ ಪುಸ್ತಕಗಳಲ್ಲಿ ಬೆಲ್ಲಾಮಿಯಾ. ಹಸಿರು ಮಿಶ್ರ ಕಂದು ಚಿಪ್ಪಿನ ಮೇಲೆ ಗಾಢ ಬಣ್ಣದ ಎಳೆಗಳು ಸುರುಳಿಯ ಉದ್ದಕ್ಕೂ ಓಡುತ್ತವೆ. ಮುಚ್ಚಳವಿರುವ ಈ ಹುಳು ಮೊಟ್ಟೆಯಿಡದೆ ಮರಿಗಳನ್ನೇ ಹೆರುತ್ತದೆ, ಆದ್ದರಿಂದ ಸಂಖ್ಯೆ ಏರುವುದು ನಿಧಾನ. ಜೀವಂತ ಗಿಡಕ್ಕೆ ಬಾಯಿ ಹಾಕುವುದು ಅಪರೂಪ. ಮೂರು ಸೆಂ.ಮೀ. ದಾಟುವುದರಿಂದ ಹದಿನೈದು-ಇಪ್ಪತ್ತು ಲೀಟರಿಗೆ ಎರಡು ಮಾತ್ರ ಸಾಕು.

ನೆರೈಟ್ ಹುಳುಗಳು ಗಾಜಿನ ಗಟ್ಟಿ ಪಾಚಿ ಕೆರೆಯುವುದರಲ್ಲಿ ಎಲ್ಲಕ್ಕೂ ಮೇಲು. ಇವು ಕರಾವಳಿಯ ಅಳಿವೆಗಳ ಕಡೆಯವು; ಮರಿಗಳಿಗೆ ಉಪ್ಪುನೀರು ಬೇಕಾದ್ದರಿಂದ ತೊಟ್ಟಿಯಲ್ಲಿ ಸಂತತಿ ಬೆಳೆಯದು, ಎಳ್ಳಿನಂಥ ಬಿಳಿ ಮೊಟ್ಟೆಗಳು ಮಾತ್ರ ಕಲ್ಲಿನ ಮೇಲೆ ಅಂಟಿ ಉಳಿಯುತ್ತವೆ. ನಾಲೆಗೆ ತಪ್ಪಿ ಸೇರಿದರೂ ಹಬ್ಬಲಾರದ ಪ್ರಾಣಿ ಎಂಬುದು ನೀರಾವರಿ ಸೀಮೆಯಲ್ಲಿ ಇದರ ದೊಡ್ಡ ಗುಣ. ಫೈಸಾ ಹುಳು ಯಾರೂ ಕೊಳ್ಳದೆ ಗಿಡದ ಜೊತೆ ಬಂದುಬಿಡುತ್ತದೆ; ಬಾಯಿ ನಮ್ಮತ್ತ ಇಟ್ಟು ಹಿಡಿದರೆ ಎಡಕ್ಕೆ ತೆರೆಯುವ ಚಿಪ್ಪೇ ಅದರ ಗುರುತು. ಉತ್ತರ ಅಮೆರಿಕ ಮೂಲದ್ದು. ಬಸವನಹುಳುಗಳನ್ನೇ ತಿನ್ನುವ ಆಗ್ನೇಯ ಏಷ್ಯಾದ ಅಸಾಸಿನ್ ಹುಳುವನ್ನು ಸಂಖ್ಯೆ ತಗ್ಗಿಸಲೆಂದು ಮಾರುತ್ತಾರೆ. ಪುಟ್ಟ ತೊಟ್ಟಿಯಲ್ಲಿ ಅದರ ಊಟ ಬೇಗ ಮುಗಿಯುತ್ತದೆ, ಆಮೇಲೆ ಅದನ್ನು ಸಾಕುವುದೇ ಸಮಸ್ಯೆ. ಆಹಾರ ಕಡಿಮೆ ಮಾಡುವುದು ಅದಕ್ಕಿಂತ ಅಗ್ಗದ ಉಪಾಯ.

ಹೊಂದದ ಪ್ರಾಣಿಗಳು

ಪದವಿ ತರಗತಿಯ ಪ್ರಾಣಿಶಾಸ್ತ್ರದಲ್ಲಿ ಎಲ್ಲರೂ ಓದುವ ಪೈಲಾ ಬಯಲಿನ ದೊಡ್ಡ ಬಸವನಹುಳು. ಕಿವಿರೂ ಶ್ವಾಸಚೀಲವೂ ಎರಡೂ ಇರುವ ಇದು ನಾಲೆಗೆ ನೀರು ನಿಂತು ಗದ್ದೆ ಒಣಗಿದಾಗ ಮುಚ್ಚಳ ಬಿಗಿದುಕೊಂಡು ಕೆಸರಿನಡಿ ತಿಂಗಳುಗಟ್ಟಲೆ ಮಲಗಿ, ಮತ್ತೆ ನೀರು ಬಂದಾಗ ಏಳುತ್ತದೆ. ಕಟ್ಟುಪದ್ಧತಿಯಲ್ಲಿ, ಅಂದರೆ ಸರದಿಯ ಮೇಲೆ ಬಿಟ್ಟು ಬಿಟ್ಟು, ನೀರು ಬಿಡುವ ಅಚ್ಚುಕಟ್ಟಿಗೆ ಹೇಳಿ ಮಾಡಿಸಿದ ಪ್ರಾಣಿ, ಹತ್ತು ಲೀಟರಿನ ತೊಟ್ಟಿಗಲ್ಲ. ಗಿಡವೆಲ್ಲ ಒಂದೇ ವಾರದಲ್ಲಿ ಬೋಳು. ಕಪ್ಪೆಚಿಪ್ಪು, ಅಂದರೆ ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್‌ನಂಥ ಎರಡು ಚಿಪ್ಪಿನ ಪ್ರಾಣಿ, ನೀರನ್ನು ಸೋಸಿ ಅದರಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ತಿನ್ನುತ್ತದೆ. ನೀರು ತಿಳಿಯಾಗಲೆಂದು ಇದನ್ನು ಬಿಡುತ್ತಾರೆ. ತಿಳಿಯಾದ ನೀರಿನಲ್ಲಿ ಅದಕ್ಕೆ ಊಟವಿಲ್ಲ, ಹಸಿದು ಸಾಯುತ್ತದೆ, ಮರಳಿನಲ್ಲಿ ಹುದುಗಿದ್ದರಿಂದ ಸತ್ತದ್ದು ತಿಳಿಯುವ ಹೊತ್ತಿಗೆ ತೊಟ್ಟಿಯೇ ಕೆಟ್ಟಿರುತ್ತದೆ. ನಳ್ಳಿಗೆ ನೀರಿನಷ್ಟೇ ನೆಲವೂ ಬೇಕು. ಬದುವಿನಲ್ಲಿ ಬಿಲ ತೋಡಿ ಗದ್ದೆಯ ನೀರು ಸೋರಿಸುವ ಅದರ ಶಕ್ತಿ ಗಾಜಿನ ಪೆಟ್ಟಿಗೆಯಲ್ಲಿ ಸುಮ್ಮನಿರದು.

ನೀಲಿ, ಕಿತ್ತಳೆ ಬಣ್ಣದ ಕ್ರೇಫಿಶ್‌ಗಳನ್ನು ಪುಟ್ಟ ತೊಟ್ಟಿಗೆಂದೇ ತೋರಿಸಿ ಮಾರುವುದುಂಟು. ಭಾರತದಲ್ಲಿ ಸಹಜವಾದ ಕ್ರೇಫಿಶ್ ಒಂದೂ ಇಲ್ಲ. ಇವೆಲ್ಲ ಹೊರಗಿನವು, ಬಲಶಾಲಿಗಳು, ಏನನ್ನಾದರೂ ತಿನ್ನುವಂಥವು.

ಕರೆಯದೆ ಬರುವವು

ಗಿಡದ ಜೊತೆ ಬರುವ ಜೀವಿಗಳಲ್ಲಿ ಕೆಲವು ಹಿತವಾದವು. ಡ್ಯಾಫ್ನಿಯಾ, ಆಸ್ಟ್ರಕಾಡ್, ಸೈಕ್ಲಾಪ್ಸ್‌ಗಳು ತೊಟ್ಟಿ ಹದಕ್ಕೆ ಬಂದಿದೆ ಎಂಬುದರ ಸಾಕ್ಷಿ. ಸೈಕ್ಲಾಪ್ಸ್‌ಗೆ ಕರ್ನಾಟಕದಲ್ಲಿ ಕೆಟ್ಟ ಹೆಸರಿತ್ತು: ಮೆಟ್ಟಿಲು ಬಾವಿಗಳ ನೀರಿನಲ್ಲಿ ಅದನ್ನು ನುಂಗಿದವರಿಗೆ ನಾರುಹುಣ್ಣು ತಗಲುತ್ತಿತ್ತು. ದೇಶದಲ್ಲಿ ಕೊನೆಯ ನಾರುಹುಣ್ಣಿನ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿತು. ಇಂದು ತೊಟ್ಟಿಯ ಸೈಕ್ಲಾಪ್ಸ್‌ಗೆ ಅಂಜಬೇಕಿಲ್ಲ. ಹೈಡ್ರಾ, ಚಪ್ಪಟೆ ಪ್ಲನೇರಿಯಾ ಹುಳುಗಳು ಸೀಗಡಿ ಮರಿಗೆ ಅಪಾಯ. ಏರೋಪ್ಲೇನ್ ಚಿಟ್ಟೆಯ ಮರಿಹುಳು ಒಂದೇ ಒಂದು ಉಳಿದುಕೊಂಡರೂ ತಿಂಗಳೊಳಗೆ ಸೀಗಡಿಗಳೆಲ್ಲ ಖಾಲಿ. ದನದ ಜಂತುಹುಳುವಿಗೆ ಕೊಡುವ ಫೆನ್‌ಬೆಂಡಜೋಲ್ ಹೈಡ್ರಾ, ಪ್ಲನೇರಿಯಾಗಳನ್ನು ಕೊಂದು ಸೀಗಡಿಯನ್ನು ಉಳಿಸುತ್ತದೆ, ಆದರೆ ನೆರೈಟ್ ಹುಳುಗಳನ್ನೂ ಕೊಲ್ಲುತ್ತದೆ. ಗಿಡವನ್ನು ಒಂದು ವಾರ ಬೇರೆ ಬಕೆಟ್ಟಿನಲ್ಲಿಟ್ಟು, ದಿನವೂ ಜಾಲಿಸಿ ನೋಡಿ ಆಮೇಲೆ ನೆಡುವುದು ಇದಕ್ಕಿಂತ ಒಳ್ಳೆಯದು.

ಬಿಡುವ ಕ್ರಮ ಮತ್ತು ಪಾಲನೆ

ತೊಟ್ಟಿಯ ತಳಕ್ಕೆ ತೊಳೆದ ಹೊಳೆ ಮರಳು ಎರಡು-ಮೂರು ಸೆಂ.ಮೀ. ಸಾಕು. ಗದ್ದೆಯ ಮಣ್ಣಿನಲ್ಲಿ ಯೂರಿಯಾದ ಅಂಶವಿರುವುದರಿಂದ ಅದು ಬೇಡ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ನಾಲೆಯಲ್ಲೇ ಸಿಗುತ್ತವೆ. ಜಾವಾ ಪಾಚಿಯನ್ನು ಕೊಳ್ಳಬೇಕು, ಸೀಗಡಿ ಮರಿ ಅಡಗಲು ಅದಕ್ಕಿಂತ ಒಳ್ಳೆಯ ಗಿಡವಿಲ್ಲ. ಒಣಗಿ ಉದುರಿದ ಕಾಡುಬಾದಾಮಿ ಎಲೆಯನ್ನು ತೊಳೆದು ಹಾಕಿದರೆ ಅದರ ಮೇಲೆ ಬೆಳೆಯುವ ಲೋಳೆ ವಾರಗಟ್ಟಲೆ ಮೇವು. ನೀರು ಹದವಾದ ಮೇಲೆ ಮೊದಲು ಬಸವನಹುಳು, ಎರಡು ವಾರ ಅವು ಸುಖವಾಗಿದ್ದರೆ ಸೀಗಡಿ. ಹತ್ತು ಲೀಟರಿಗೆ ಹತ್ತು ಚೆರ್ರಿ ಸೀಗಡಿ, ಒಂದು ನೆರೈಟ್, ನಾಲ್ಕೈದು ಮೆಲನಾಯ್ಡಿಸ್ ಆರಂಭಕ್ಕೆ ಸಾಕು. ಐದು ಲೀಟರಿನ ಜಾಡಿಗೆ ಬಸವನಹುಳು ಮಾತ್ರ. ತಂದ ಪೊಟ್ಟಣದ ನೀರಿಗೆ ತೊಟ್ಟಿಯ ನೀರನ್ನು ತೊಟ್ಟುತೊಟ್ಟಾಗಿ ಒಂದೆರಡು ಗಂಟೆ ಬೆರೆಸಿ, ಆಮೇಲೆ ಬಲೆಯಿಂದ ಪ್ರಾಣಿಯನ್ನು ಮಾತ್ರ ದಾಟಿಸಬೇಕು.

ಆಹಾರ ವಾರಕ್ಕೆ ಎರಡು-ಮೂರು ಸಲ, ಅದೂ ಚಿಟಿಕೆಯಷ್ಟು. ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿದ ಪಾಲಕ್ ಎಲೆ, ಸೌತೆ ಅಥವಾ ಕುಂಬಳದ ತೆಳು ಬಿಲ್ಲೆ ಹಾಕಿ, ಉಳಿದದ್ದನ್ನು ಕೆಲವು ಗಂಟೆಗಳಲ್ಲೇ ತೆಗೆಯಬೇಕು. ಸಂತೆಯ ಸೊಪ್ಪಿನಲ್ಲಿ ಔಷಧದ ಅಂಶವಿರಬಹುದು. ಹಿತ್ತಲಲ್ಲಿ ಔಷಧವಿಲ್ಲದೆ ಬೆಳೆದದ್ದಾದರೆ ಭಯವಿಲ್ಲ. ಚಿಪ್ಪಿಗೆ ಕ್ಯಾಲ್ಸಿಯಂ ಸಾಲದಿದ್ದರೆ ಪಂಜರದ ಹಕ್ಕಿಗಳಿಗೆ ಕೊಡುವ ಕಟ್ಲ್‌ಫಿಶ್ ಮೂಳೆಯ ತುಂಡನ್ನೋ ತೊಳೆದು ಕುದಿಸಿದ ಕೋಳಿಮೊಟ್ಟೆಯ ಸಿಪ್ಪೆಯನ್ನೋ ಹಾಕುವುದುಂಟು.

ಹೊರಬಿಡುವ ಪ್ರಶ್ನೆ

ಸಂಖ್ಯೆ ಹೆಚ್ಚಾದಾಗ, ಬೇಸರ ಬಂದಾಗ, ಊರು ಬಿಡುವಾಗ ತೊಟ್ಟಿಯನ್ನು ಕಾಲುವೆಗೆ ಬಗ್ಗಿಸುವುದು ಎಲ್ಲ ದೇಶಗಳಲ್ಲೂ ನಡೆದಿದೆ. ಚೆರ್ರಿ ಸೀಗಡಿ ಹೀಗೆಯೇ ಜರ್ಮನಿಯಲ್ಲಿ ವಿದ್ಯುತ್ ಸ್ಥಾವರದ ಬಿಸಿನೀರು ಸೇರುವ ಹೊಳೆಯಲ್ಲಿ ನೆಲೆಯೂರಿದೆ. ಗಂಡಿಲ್ಲದೆ ಸಂತಾನ ಮಾಡುವ ಅಮೃತಶಿಲೆ ಬಣ್ಣದ ಕ್ರೇಫಿಶ್ 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ವ್ಯಾಪಾರದಲ್ಲಿ ಮೊದಲು ಕಂಡಿತು, ಅಲ್ಲಿಂದ ಮಡಗಾಸ್ಕರ್ ತಲುಪಿ ಭತ್ತದ ಗದ್ದೆಗಳಲ್ಲಿ ಹಬ್ಬಿತು. ದಕ್ಷಿಣ ಅಮೆರಿಕದ ಪೊಮೇಸಿಯಾ ಕೆನಾಲಿಕ್ಯುಲಾಟಾ ಬಸವನಹುಳುವನ್ನು 1980ರ ಆಸುಪಾಸಿನಲ್ಲಿ ತಿನ್ನಲೆಂದು ತೈವಾನಿಗೆ ತಂದರು. ತಿನ್ನುವವರು ಸಿಗದೆ ಹೊರಬಿದ್ದ ಅದು ಪೂರ್ವ ಏಷ್ಯಾದ ಎಳೆ ಪೈರನ್ನು ಬುಡದಲ್ಲೇ ಕತ್ತರಿಸುವ ಪಿಡುಗಾಗಿ, ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿ ಸೇರಿತು. ಅಂಗಡಿಯಲ್ಲಿ ಹಳದಿ, ನೇರಳೆ ಬಣ್ಣಗಳಲ್ಲಿ ಸಿಗುವ ಮಿಸ್ಟರಿ ಹುಳುವೂ ಇದೇ ಪೊಮೇಸಿಯಾ ಕುಲದ್ದು. ಜಾತಿ ಬೇರೆ, ಸ್ವಭಾವ ಅಷ್ಟು ಉಗ್ರವಲ್ಲ. ಆದರೆ ಎರಡರ ಮರಿಗಳನ್ನು ಬೇರ್ಪಡಿಸುವುದು ಪರಿಣತರಿಗೂ ಸುಲಭವಲ್ಲ. ಭತ್ತದ ಬಯಲಿನ ನಡುವಿನ ಮನೆಯಲ್ಲಿ ಈ ಕುಲದ ಯಾವುದನ್ನೂ ತರದಿರುವುದೇ ಸರಿ.

ವಿಶ್ವೇಶ್ವರಯ್ಯ ನಾಲೆಯ ಸೀಮೆಯಲ್ಲಿ ಒಂದು ಊರಿನ ಬಚ್ಚಲ ನೀರು ಬಸಿಗಾಲುವೆಗೆ, ಬಸಿಗಾಲುವೆ ಹಳ್ಳಕ್ಕೆ, ಹಳ್ಳ ಹೊಳೆಗೆ ಸೇರುತ್ತದೆ. ಆದ್ದರಿಂದ ತೊಟ್ಟಿಯಿಂದ ತೆಗೆದ ನೀರನ್ನು ಚರಂಡಿಗೆ ಬಿಡದೆ ಹೂಕುಂಡ, ತೆಂಗಿನ ಪಾತಿಗಳಂಥ ಒಣ ನೆಲಕ್ಕೆ ಸುರಿಯಬೇಕು. ಕತ್ತರಿಸಿದ ಗಿಡವನ್ನು ಬಿಸಿಲಿನಲ್ಲಿ ಒಣಗಿಸಿ ಗೊಬ್ಬರಕ್ಕೆ ಹಾಕಬೇಕು. ಹೆಚ್ಚಾದ ಸೀಗಡಿಯನ್ನು ಬೇರೆ ಸಾಕುವವರಿಗೋ ಅಂಗಡಿಗೋ ಕೊಡಬಹುದು. ಹೆಚ್ಚಾದ ಬಸವನಹುಳುಗಳಿಗೆ ಗಿರಾಕಿ ಸಿಗುವುದಿಲ್ಲ; ಅವನ್ನು ಜಜ್ಜಿ ಕೋಳಿಗೆ ಹಾಕುವ ಮುನ್ನ ಕುದಿಸುವುದು, ಪರಾವಲಂಬಿಗಳ ಕಾರಣಕ್ಕೆ, ಅಗತ್ಯ. ಹೊಲದಿಂದಲೇ ತಂದ ಸ್ಥಳೀಯ ಜಾತಿಯನ್ನೂ ಅಂಗಡಿಯ ಪ್ರಾಣಿಗಳ ಜೊತೆ ಒಂದೇ ನೀರಿನಲ್ಲಿಟ್ಟ ಮೇಲೆ ಮತ್ತೆ ಕೆರೆಗೆ ಬಿಡಬಾರದು. ತೊಟ್ಟಿಯಲ್ಲಿ ಅಂಟಿಕೊಂಡ ರೋಗಾಣು, ಫೈಸಾದ ಮೊಟ್ಟೆ ಅದರ ಚಿಪ್ಪಿನೊಂದಿಗೇ ಹೋಗುತ್ತವೆ.